ಉಪ್ಪನ್ನು ಬಲ್ಲ ಭರಣಿ

ಕಾರವಾರ, ಅಂಕೋಲೆಗಳ ಹಳೆಯ ಮನೆಗಳಲ್ಲಿ ದೇವರ ಕೋಣೆಯಷ್ಟೇ ಮಡಿಯಿಂದ ಕಾಯ್ದುಕೊಂಡು ಬಂದ ಇನ್ನೊಂದು ಮೂಲೆಯುಂಟು. ಅದು ಉಪ್ಪಿನಕಾಯಿ ಭರಣಿಗಳ ಮೂಲೆ. ಭುಜದವರೆಗೆ ಕಂದು, ಕೆಳಗೆ ಮಾಸಲು ಬಿಳುಪು. ಮಾವಿನ ಮಿಡಿ ಉಪ್ಪುನೀರಿನಲ್ಲಿ ವರ್ಷವಿಡೀ ತಪಸ್ಸು ಮಾಡುವುದು ಅದರ ಹೊಟ್ಟೆಯಲ್ಲಿ. ಈ ಭರಣಿಗೆ ಈಗ ಹಳೆಯ ವಸ್ತುಗಳ ಪೇಟೆಯಲ್ಲಿ ಬೆಲೆ ಬಂದಿದೆ. ಬೆಲೆ ಬಂದುದು ಸಂತೋಷವೇ. ಆದರೆ ಅದು ಯಾವ ಗುಣಕ್ಕೆ ಬಂದ ಬೆಲೆ ಎಂಬುದನ್ನು ವಿಚಾರಿಸಬೇಕಾಗಿದೆ.

ಬಾಯಿಮಾತಿನಲ್ಲಿ ಇದನ್ನು ಪಿಂಗಾಣಿ ಎನ್ನುತ್ತೇವೆ. ನಿಜವಾಗಿ ಇದು ಪಿಂಗಾಣಿಯಲ್ಲ. ಸ್ಟೋನ್‌ವೇರ್, ಎಂದರೆ 1200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವಿನಲ್ಲಿ ಬೆಂದು ಕಲ್ಲಾದ ಜೇಡಿಮಣ್ಣು. ಹಿಂದೆ ಯುರೋಪಿನ ಕುಂಬಾರರು ಉರಿಯುವ ಆವಿಗೆಯೊಳಗೆ ಅಡಿಗೆಯ ಉಪ್ಪನ್ನೇ ಎರಚುತ್ತಿದ್ದರು. ಅದರ ಆವಿ ಮಣ್ಣಿನೊಡನೆ ಕೂಡಿ ಗಾಜಿನ ಹೊದಿಕೆಯಾಗುತ್ತಿತ್ತು. ಉಪ್ಪಿನಿಂದಲೇ ಕವಚ ತೊಟ್ಟ ಪಾತ್ರೆ ಉಪ್ಪಿಗೆ ಸೋಲದಿರುವುದರಲ್ಲಿ ಆಶ್ಚರ್ಯವೇನು? 1835ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಉಪ್ಪೆರಚದೆ ಬಳಿಯುವ ಲೇಪವೊಂದು ಬಳಕೆಗೆ ಬಂದಿತು. ಎರಡು ಬಣ್ಣದ ಭರಣಿ ಅದರ ಸಂತಾನ.

ಉಪ್ಪಿನಕಾಯಿಗೂ ಜಾಡಿಗೂ ಇರುವ ನಂಟು ಬಲು ಹಳೆಯದು. ಅಂಕೋಲೆಯ ದಕ್ಷಿಣದ ಹೊನ್ನಾವರವನ್ನು ಹದಿನಾಲ್ಕನೆಯ ಶತಮಾನದಲ್ಲಿ ಕಂಡಿದ್ದ ಇಬ್ನ್ ಬತೂತ, ಮುಂದೆ ಪೂರ್ವಸಮುದ್ರದ ಪಯಣದಲ್ಲಿ ತನಗೆ ಕಾಣಿಕೆಯಾಗಿ ಬಂದ ‘ಮರ್ತಬಾನ್’ ಎಂಬ ದೊಡ್ಡ ಜಾಡಿಗಳನ್ನು ನೆನೆಯುತ್ತಾನೆ. ಅವುಗಳಲ್ಲಿದ್ದುದು ಉಪ್ಪು ಹಾಕಿದ ಶುಂಠಿ, ಮೆಣಸು, ನಿಂಬೆ, ಮಾವು. ಬರ್ಮಾದ ಒಂದು ರೇವುಪಟ್ಟಣದ ಹೆಸರೇ ಜಾಡಿಯ ಹೆಸರಾಗಿತ್ತು.

ಹಳೆಯ ಭರಣಿಯನ್ನು ಗುರುತಿಸುವುದು ಕಷ್ಟವಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಭರಣಿ ನಾದಗೊಡುತ್ತದೆ. ಸೀಳು ಬಿಟ್ಟದ್ದು ಮಂಕಾಗಿ ಉತ್ತರಿಸುತ್ತದೆ. ಲೇಪವಿಲ್ಲದ ಬುಡದ ಅಂಚಿಗೆ ನೀರಿನ ಹನಿ ಬಿಟ್ಟರೆ ಅದು ಬೇಗ ಇಂಗಲಾರದು. ಮುದ್ರೆಯಲ್ಲಿ ‘ಇಂಗ್ಲೆಂಡ್’ ಎಂದಿದ್ದರೆ ಆ ಭರಣಿ ಬಹುಮಟ್ಟಿಗೆ 1891ರ ಈಚಿನದು. ಆಮದಿನ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೇರಿಕದ ಕಾನೂನು ಜಾರಿಗೆ ಬಂದುದು ಆಗ. ಹೆಸರಿಲ್ಲವೆಂದ ಮಾತ್ರಕ್ಕೆ ಅದು ಪುರಾತನವಾಗದು. ನಮ್ಮ ದೇಶದ ಖುರ್ಜಾ ಮೊದಲಾದ ಕಡೆಗಳಿಂದಲೂ ಭರಣಿಗಳು ಬಂದಿವೆ.

ವ್ಯಾಪಾರಿಯ ಲೆಕ್ಕದಲ್ಲಿ ಗಾತ್ರ, ಮುದ್ರೆ, ಜೋಡಿ ತಪ್ಪದ ಮುಚ್ಚಳ, ಇವು ಬೆಲೆಯ ಅಂಗಗಳು. ಮನೆಯೊಡತಿಯ ಲೆಕ್ಕ ಬೇರೆ. ರಾತ್ರಿ ನೀರು ತುಂಬಿ ಒಣಗಿದ ಕಾಗದದ ಮೇಲಿಟ್ಟು, ಬೆಳಗ್ಗೆ ಕಾಗದ ಒದ್ದೆಯಾಗದಿದ್ದರೆ ಅವಳ ಮಟ್ಟಿಗೆ ಭರಣಿ ಗೆದ್ದಿತು. ಈ ಎರಡು ಲೆಕ್ಕಗಳು ಎದುರುಬದುರಾಗುವುದು ಮನೆ ಬಿಡುವ ದಿನ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಈ ಎರಡು ತಾಲೂಕುಗಳ ಕರಾವಳಿಯ ಅನೇಕ ಕುಟುಂಬಗಳು ನೆಲೆ ತೊರೆದವು. ಹೊಸ ಮನೆ ಚಿಕ್ಕದಾದರೆ ಮೊದಲು ಹೊರೆಯೆನಿಸುವುದು ಭಾರವಾದ ಭರಣಿಯೇ. ಗುಜರಿಯವನ ತಕ್ಕಡಿಗೆ ಹೋದದ್ದು ಹಿಂದಿರುಗಿ ಬರುವುದಿಲ್ಲ.

ಜೀರ್ಣೋದ್ಧಾರದ ಮಾತಿಗೆ ಬಂದರೆ ಸಂಯಮವೇ ಮೊದಲ ಉಪಕರಣ. ಎಣ್ಣೆಯ ಜಿಡ್ಡಿಗೆ ಉಗುರುಬೆಚ್ಚನೆಯ ಸೋಡಾ ನೀರಿನಲ್ಲಿ ಕೆಲವು ದಿನ ನೆನೆಸಿದರೆ ಸಾಕು. ತಣ್ಣನೆಯ ಭರಣಿಗೆ ಕುದಿನೀರು ಸುರಿಯಬಾರದು. ಮರಳಿನಿಂದ ಉಜ್ಜಿ ಲೇಪ ಗೀಚಬಾರದು. ಚಕ್ಕೆಯೆದ್ದ ಅಂಚನ್ನು ಅಂಟಿನಿಂದ ತುಂಬಿ ಬಣ್ಣ ಹೊಂದಿಸಬಹುದು. ಆದರೆ ಅಂಥ ಭರಣಿಗೆ ಮತ್ತೆ ಉಪ್ಪಿನಕಾಯಿ ಹಾಕುವುದು ಸಲ್ಲದು. ಕಡಿಮೆ ಕಾವಿನ ಮಣ್ಣಿನ ಪಾತ್ರೆಗೆ ಸೀಸದ ಲೇಪವಿದ್ದರೆ ಅದು ಇನ್ನೂ ಅಪಾಯ. ಹುಳಿ ತಾಗಿದೊಡನೆ ಸೀಸ ಆಹಾರಕ್ಕೆ ಇಳಿಯುತ್ತದೆ.

ಬಿರುಕನ್ನು ಅಡಗಿಸಿ ಮಾರುವುದು ದುರಸ್ತಿಯಲ್ಲ, ವಂಚನೆ. ಬಿರುಕನ್ನು ಹೇಳಿ ಮಾರಿದರೆ ಅದೂ ಭರಣಿಯ ಚರಿತ್ರೆಯ ಒಂದು ಸಾಲು. ಬಿರುಕಿಲ್ಲದ ಭರಣಿಗಾದರೋ ಗಾಜಿನ ಕಪಾಟಿಗಿಂತ ಮೇಲಾದ ಗೌರವವೊಂದುಂಟು: ಬರುವ ಬೇಸಿಗೆಯಲ್ಲಿ ಅದಕ್ಕೆ ಮಿಡಿ ತುಂಬುವುದು.