ಮುಳ್ಳು ನೋಡಿ ಮೋಸ ಹೋಗ್ಬೇಡಿ, ಹಲ್ಲು ನೋಡಿ!

ಮೈತುಂಬ ಮುಳ್ಳು, ಚಪ್ಪಟೆ ಹೊಟ್ಟೆ, ಊಟಕ್ಕೆ ಇರುವೆ. ಇಂಥದ್ದೊಂದು ಓತಿಯ ಫೋಟೊ ನಿಮ್ಮ ವಾಟ್ಸಾಪ್‌ಗೆ ಬಂತು ಅಂದ್ಕೊಳ್ಳಿ. ಅದು ಆಸ್ಟ್ರೇಲಿಯಾ ಮರುಭೂಮಿಯ ಥಾರ್ನಿ ಡೆವಿಲ್ ಇರಬಹುದು, ಉತ್ತರ ಅಮೆರಿಕದ ಹಾರ್ನ್ಡ್ ಲಿಜರ್ಡ್ ಕೂಡ ಇರಬಹುದು. ನೋಡೋಕೆ ಅಣ್ಣತಮ್ಮಂದಿರಂತಿದ್ದರೂ ಇವುಗಳ ಕುಟುಂಬವೇ ಬೇರೆ ಬೇರೆ. ಹಾಗಾದರೆ ಗುರುತು ಹಿಡಿಯೋದು ಹೇಗೆ?

ಮೊದಲು ಕುತ್ತಿಗೆ

ಥಾರ್ನಿ ಡೆವಿಲ್‌ನ ಕುತ್ತಿಗೆ ಮೇಲೆ ಮುಳ್ಳಿನ ಉಂಡೆಯೊಂದಿರುತ್ತದೆ. ಹೆದರಿದಾಗ ಅದು ನಿಜವಾದ ತಲೆಯನ್ನು ಮುಂಗಾಲುಗಳ ನಡುವೆ ಬಗ್ಗಿಸುತ್ತದೆ. ಆಗ ಈ ಉಂಡೆಯೇ ತಲೆಯಂತೆ ಕಾಣುತ್ತದೆ. ಅಮೆರಿಕದ್ದಕ್ಕೆ ಈ ಉಂಡೆ ಇಲ್ಲ, ತಲೆಯ ಹಿಂದೆ ಕಿರೀಟದಂಥ ಕೊಂಬುಗಳಿರುತ್ತವೆ.

ಹಲ್ಲು ಹೇಳುವ ವಂಶ

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಬಾಯಿ ತೆರೆದು ನೋಡಬೇಕು. ಥಾರ್ನಿ ಡೆವಿಲ್‌ನ ಬದಿಯ ಹಲ್ಲುಗಳು ದವಡೆಯ ಅಂಚಿನ ಮೇಲೆ ಮೂಳೆಗೇ ಬೆಸೆದುಕೊಂಡಿರುತ್ತವೆ. ಹಾರ್ನ್ಡ್ ಲಿಜರ್ಡ್‌ನ ಹಲ್ಲುಗಳು ದವಡೆಯ ಒಳಮಗ್ಗುಲಿಗೆ ಅಂಟಿರುತ್ತವೆ. ಇಂಗ್ಲಿಷಿನಲ್ಲಿ 'ಡ್ರ್ಯಾಗನ್' ಅಂತ ಕರೆಯೋ ಅಗಾಮಿಡೆ ಕುಟುಂಬದ ಗುರುತು ಮೊದಲನೆಯದು. ನಮ್ಮ ಬೇಲಿ ಮೇಲಿನ ಓತಿಕ್ಯಾತ, ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಪರಿಚಯವಿರುವ ಹಾರುವ ಓತಿ, ಎರಡೂ ಇದೇ ಕುಟುಂಬದವು!

1841ರಲ್ಲಿ ಜಾನ್ ಎಡ್ವರ್ಡ್ ಗ್ರೇ ಇದಕ್ಕೆ 'ಮೊಲಾಕ್ ಹಾರಿಡಸ್' ಎಂದು ಹೆಸರಿಟ್ಟರು. ಮೊಲಾಕ್ ಅಂದರೆ ನರಬಲಿ ಕೇಳುತ್ತಿದ್ದನೆಂದು ಹೇಳುವ ದೇವತೆ. ಪಾಪ, ಇರುವೆ ಬಿಟ್ಟು ಬೇರೇನೂ ಮುಟ್ಟದ ಪ್ರಾಣಿಗೆ ಎಂಥಾ ಹೆಸರು! ಈ ಕುಲದಲ್ಲಿರೋದು ಇದೊಂದೇ ಪ್ರಭೇದ.

ನಮ್ಮ ಕೋಡಿಂಗ್‌ನಲ್ಲಿ 'ಡಕ್ ಟೈಪಿಂಗ್' ಅಂತಿದೆ: ಬಾತುಕೋಳಿ ಥರ ನಡೆದರೆ ಅದನ್ನು ಬಾತುಕೋಳಿ ಅಂತಲೇ ಬಳಸು. ಜೀವಿಗಳ ವರ್ಗೀಕರಣದಲ್ಲಿ ಅದು ನಡೆಯಲ್ಲ. ಒಣನೆಲ, ಇರುವೆಯ ಊಟ, ಶತ್ರುಗಳ ಕಾಟ ಒಂದೇ ಥರ ಇದ್ದರೆ ಸಂಬಂಧವೇ ಇಲ್ಲದವೂ ಒಂದೇ ರೂಪ ತಾಳುತ್ತವೆ. ವಂಶ ಗೊತ್ತಾಗೋದು ಮೂಳೆ, ಹಲ್ಲು, ಡಿಎನ್‌ಎಗಳಿಂದ.

ಹೆಸರು ತಪ್ಪಿದರೆ?

'ಯಾವುದಾದರೇನು, ಓತಿ ಓತಿಯೇ' ಅನ್ನೋರು ಅದೇ ಆಸ್ಟ್ರೇಲಿಯಾದ ಹುಲ್ಲುಗಾವಲಿನ ಕಥೆ ಕೇಳಿ. ಕಿವಿಯ ತೂತು ಹೊರಗೆ ಕಾಣದ ಪುಟ್ಟ ಡ್ರ್ಯಾಗನ್‌ಗಳು ಅಲ್ಲಿವೆ. ಕ್ಯಾನ್‌ಬೆರಾದ್ದು, ವಿಕ್ಟೋರಿಯಾದ್ದು ಎಲ್ಲ ಒಂದೇ ಪ್ರಭೇದ ಅಂದುಕೊಂಡಿದ್ದರು. 2019ರಲ್ಲಿ ಡಿಎನ್‌ಎ ಮತ್ತು ತಲೆಬುರುಡೆಯ ಸ್ಕ್ಯಾನ್ ನೋಡಿದರೆ ನಾಲ್ಕು ಪ್ರಭೇದ! ವಿಕ್ಟೋರಿಯಾದ್ದು 1969ರ ನಂತರ ಕಂಡೇ ಇರಲಿಲ್ಲ. ಕ್ಯಾನ್‌ಬೆರಾದಲ್ಲಿ ಇದೆಯಲ್ಲ ಅನ್ನೋ ಸಮಾಧಾನದ ಹಿಂದೆ ಬೇರೊಂದು ಜೀವಿಯೇ ಕಾಣೆಯಾಗಿತ್ತು. ಅದೃಷ್ಟಕ್ಕೆ 2023ರಲ್ಲಿ ಅದು ಮತ್ತೆ ಸಿಕ್ಕಿತು.

ಹೆಸರೇ ಇಲ್ಲದ್ದು ಕಾಣೆಯಾದರೆ ಹುಡುಕೋರು ಯಾರು? ಮುಂದಿನ ಸಲ ಓತಿಯ ಫೋಟೊ ತೆಗೆದರೆ ಬೆನ್ನು, ಪಕ್ಕ, ತಲೆ ಮೂರೂ ಕಾಣುವಂತೆ ತೆಗೀರಿ; ಜಾಗ, ದಿನಾಂಕ ಬರೆದಿಡಿ. ಬಾಯಿ ತೆರೆಸೋ ಕೆಲಸ ಮಾತ್ರ ತಜ್ಞರಿಗೇ ಬಿಡಿ!