ಬೆನ್ನ ಹಿಂದೆ ಭಾರ: ಪೆಟ್ರೋಲೋ, ಡೀಸೆಲೋ?

2017ರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಲ್ಲಿ ಒಂದು ವಿಚಿತ್ರ ಮೆರವಣಿಗೆ ನಡೆಯಿತು. ಮುಂದೆ ಪೋರ್ಶೆ ಕಂಪನಿಯ ‘ಕೆಯೆನ್’ ಎಂಬ ದುಬಾರಿ ಎಸ್‌ಯುವಿ. ಅದರ ಹಿಂದೆ 285 ಟನ್ ತೂಕದ ಏರ್‌ಬಸ್ ಎ-380 ವಿಮಾನ! ಕಾರು ಆ ದೈತ್ಯನನ್ನು 42 ಮೀಟರ್ ದೂರ ಎಳೆದು ಗಿನ್ನೆಸ್ ದಾಖಲೆ ಬರೆಯಿತು. ಅದು ಡೀಸೆಲ್ ಕಾರು. ‘ಭಾರ ಎಳೆಯಲು ಡೀಸೆಲ್ಲೇ ಸರಿ ಎಂದು ನಾವು ಹೇಳುತ್ತಿರಲಿಲ್ಲವೇ?’ ಎಂದು ಡೀಸೆಲ್ ಅಭಿಮಾನಿಗಳು ಬೀಗಿದ್ದರೆ ಆಶ್ಚರ್ಯವಿಲ್ಲ.

ಆದರೆ ಸುದ್ದಿಯ ಉಳಿದರ್ಧ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಡೀಸೆಲ್ ಕಾರಿನ ಸರದಿ ಮುಗಿದ ಮೇಲೆ ಅದೇ ಕಂಪನಿಯ ಪೆಟ್ರೋಲ್ ಕಾರನ್ನೂ ವಿಮಾನಕ್ಕೆ ಕಟ್ಟಿ ನೋಡಿದರು. ಅದೂ ಎಳೆಯಿತು!

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಅಲ್ಲಿ ರಜೆ ಬಂತೆಂದರೆ ಸಾವಿರಾರು ಕುಟುಂಬಗಳು ಕಾರಿನ ಹಿಂದೆ ‘ಕ್ಯಾರವಾನ್’ ಕಟ್ಟಿಕೊಂಡು ಹೊರಡುತ್ತವೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ, ಗಾಲಿಗಳ ಮೇಲಿನ ಪುಟ್ಟ ಮನೆ ಅದು. ದೋಣಿ, ಕುದುರೆಗಳನ್ನು ಎಳೆದೊಯ್ಯುವವರೂ ಇದ್ದಾರೆ. ಇಂಥವರಲ್ಲಿ ಹಲವರು ರೇಂಜ್ ರೋವರ್, ಲ್ಯಾಂಡ್ ಕ್ರೂಸರ್, ಬಿಎಂಡಬ್ಲ್ಯು ಎಕ್ಸ್-5ರಂಥ ದೊಡ್ಡ ಗಾಡಿಗಳ ಗಿರಾಕಿಗಳು. ಅಂಗಡಿಗೆ ಕಾಲಿಟ್ಟೊಡನೆ ಎದುರಾಗುವ ಪ್ರಶ್ನೆ: ಪೆಟ್ರೋಲೋ, ಡೀಸೆಲೋ? ತಪ್ಪಿದರೆ ಕೈಬಿಡುವ ಹಣ ಸಣ್ಣದಲ್ಲ.

ಕಿಡಿ ಬೇಕಿಲ್ಲದ ಎಂಜಿನ್

ಶಾಲೆಯಲ್ಲಿ ಓದಿದ್ದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿದರೆ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದು ಇದೇ ಕಾರಣಕ್ಕೆ. ಆ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಇಂಥ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದಾಗ ಇಂಧನದ ಶಕ್ತಿಯಲ್ಲಿ ಶೇ. 26ರಷ್ಟು ಕೆಲಸವಾಗಿ ಸಿಕ್ಕಿತು. ಅಂದಿನ ಉಗಿಯಂತ್ರಗಳಿಗೆ ಅದು ಕನಸಿನ ಮಾತು.

ಭಾರ ಎಳೆಯುವವನಿಗೆ ಇದರಿಂದ ಏನು ಲಾಭ? ಪೆಟ್ರೋಲ್ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದರ ಮೇಲೆ ಹೆಚ್ಚು ಹೊರೆ ಹೇರಿದರೆ, ಒಳಗಿನ ಮಿಶ್ರಣ ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ‘ಟಕಟಕ’ ಬಡಿತ ಶುರುವಾಗುತ್ತದೆ. ಅದು ಎಂಜಿನ್ನನ್ನೇ ಹಾಳುಮಾಡಬಲ್ಲದು. ಆದ್ದರಿಂದ ಅಲ್ಲಿ ಒತ್ತಡಕ್ಕೆ ಒಂದು ಮಿತಿ ಇಡಲೇಬೇಕು. ಡೀಸೆಲ್‌ಗೆ ಆ ಭಯವಿಲ್ಲ. ಒತ್ತುವುದು ಬರೀ ಗಾಳಿಯನ್ನು ತಾನೆ? ಟರ್ಬೊ ಎಂಬ ಗಾಳಿಯೂದುವ ಸಾಧನದಿಂದ ಕಡಿಮೆ ವೇಗದಲ್ಲೇ ಧಾರಾಳವಾಗಿ ಗಾಳಿ ತುರುಕಬಹುದು. ಹೀಗಾಗಿ ನಿಮಿಷಕ್ಕೆ 1,500 ಸುತ್ತು ತಿರುಗುವಾಗಲೇ ಅದರ ‘ಟಾರ್ಕ್’, ಅಂದರೆ ತಿರುಗಿಸುವ ಬಲ, ತುದಿ ಮುಟ್ಟಿರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇನ್ನಷ್ಟು ವೇಗ ಬೇಕು. ಆದರೆ ಅದು ನಿಮಿಷಕ್ಕೆ ಆರು ಸಾವಿರ ಸುತ್ತಿನವರೆಗೂ ಓಡಬಲ್ಲದು. ಭಾರವಾದ ಡೀಸೆಲ್ ಎಂಜಿನ್ ಅದಕ್ಕೆ ಬಹಳ ಮೊದಲೇ ಸುಸ್ತಾಗುತ್ತದೆ. ಒಂದು ಕಬ್ಬಿನ ಗಾಡಿಯ ಎತ್ತು, ಇನ್ನೊಂದು ಜಟಕಾ ಕುದುರೆ ಎನ್ನಬಹುದು.

ಏರಿನ ಲೆಕ್ಕ

ಇಷ್ಟಕ್ಕೇ ‘ಹಾಗಾದರೆ ಡೀಸೆಲ್’ ಎಂದು ತೀರ್ಮಾನಿಸುವುದು ಅವಸರವಾದೀತು. ಒಂದು ಲೆಕ್ಕ ಮಾಡಿದರೆ ವಿಷಯ ತಿಳಿಯಾಗುತ್ತದೆ. ಹೈಸ್ಕೂಲಿನ ಗಣಿತ, ವಿಜ್ಞಾನ ಸಾಕು.

ಯುರೋಪಿನ ನಿಯಮದಂತೆ, ಒಂದು ಕಾರಿಗೆ ಇಷ್ಟು ಭಾರ ಎಳೆಯುವ ಅರ್ಹತೆ ಇದೆ ಎಂದು ಬರೆಯಬೇಕಾದರೆ ಅದು ಪೂರ್ತಿ ಹೊರೆಯೊಂದಿಗೆ ಶೇ. 12ರ ಏರಿನಲ್ಲಿ, ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು. ಶೇ. 12 ಎಂದರೆ ನೂರು ಮೀಟರ್ ಮುಂದೆ ಹೋದಾಗ ಹನ್ನೆರಡು ಮೀಟರ್ ಮೇಲೇರುವ ರಸ್ತೆ. ದೊಡ್ಡ ಎಸ್‌ಯುವಿಗಳಿಗೆ ಅಲ್ಲಿ ಸಾಮಾನ್ಯವಾಗಿ 3,500 ಕಿಲೋಗ್ರಾಂ ಎಳೆಯಲು ಅನುಮತಿ ಇದೆ. ಜನ, ಸಾಮಾನು ಸೇರಿ ಕಾರಿನ ತೂಕ 3,000 ಕಿಲೋ ಎಂದುಕೊಂಡರೆ ಒಟ್ಟು 6,500 ಕಿಲೋ.

ಭೂಮಿ ಇದನ್ನು ಕೆಳಕ್ಕೆಳೆಯುವ ಬಲ ಸುಮಾರು 63,700 ನ್ಯೂಟನ್. ಶೇ. 12ರ ಏರಿನಲ್ಲಿ ಅದರ ಎಂಟನೇ ಒಂದು ಪಾಲಿಗಿಂತ ತುಸು ಕಡಿಮೆ, ಅಂದರೆ 7,600 ನ್ಯೂಟನ್, ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಚಕ್ರಗಳ ಉರುಳುಘರ್ಷಣೆಗೆ ಇನ್ನೊಂದು ಸಾವಿರ ಸೇರಿಸಿದರೆ ಎಂಟೂವರೆ ಸಾವಿರ. ಚಕ್ರದ ತ್ರಿಜ್ಯ 0.38 ಮೀಟರ್, ಆದ್ದರಿಂದ ಚಕ್ರದ ಬಳಿ ಬೇಕಾದ ಟಾರ್ಕ್ ಸುಮಾರು 3,200 ನ್ಯೂಟನ್ ಮೀಟರ್. ಇಂಥ ಗಾಡಿಗಳ ಮೊದಲ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ ಚಕ್ರಕ್ಕೆ ತಲುಪುವಷ್ಟರಲ್ಲಿ ಹದಿನೈದು ಪಟ್ಟಿನಷ್ಟಾಗಿರುತ್ತದೆ. ದಾರಿಯಲ್ಲಿ ಸೋರಿಹೋಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಎಂಜಿನ್ ಕೊಡಬೇಕಾದದ್ದು 250 ನ್ಯೂಟನ್ ಮೀಟರ್ ಮಾತ್ರ. 2022ರಲ್ಲಿ ಬಂದ ಹೊಸ ರೇಂಜ್ ರೋವರಿನ 300 ಅಶ್ವಶಕ್ತಿಯ ಡೀಸೆಲ್ ಎಂಜಿನ್ 650 ಕೊಡುತ್ತದೆ. 400 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ 550. ಇಬ್ಬರೂ ಸುಲಭವಾಗಿ ಪಾಸು!

ಇನ್ನು ಹೆದ್ದಾರಿಯ ಲೆಕ್ಕ. ಅದೇ ಗಾಡಿ ಶೇ. 6ರ ಉದ್ದನೆಯ ಏರನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹತ್ತಬೇಕು. ಏರಿಗೆ 3,800 ನ್ಯೂಟನ್, ಉರುಳುಘರ್ಷಣೆಗೆ ಸುಮಾರು 800, ಗೋಡೆಯಂತೆ ಎದ್ದುನಿಂತ ಕ್ಯಾರವಾನಿಗೆ ಅಡ್ಡಬರುವ ಗಾಳಿಗೆ ಅಂದಾಜು 1,000. ಒಟ್ಟು 5,600 ನ್ಯೂಟನ್. ಇದನ್ನು ಸೆಕೆಂಡಿಗೆ 22 ಮೀಟರ್ ವೇಗದಿಂದ ಗುಣಿಸಿ, ಸೋರಿಕೆ ಸೇರಿಸಿದರೆ ಎಂಜಿನ್ ಕೊಡಬೇಕಾದ ಸಾಮರ್ಥ್ಯ 140 ಕಿಲೋವಾಟ್, ಅಂದರೆ 190 ಅಶ್ವಶಕ್ತಿ. ಎರಡೂ ಎಂಜಿನ್ನುಗಳಲ್ಲಿ ಅದಕ್ಕಿಂತ ಹೆಚ್ಚಿದೆ. ಆದರೆ ಕೊಡುವ ರೀತಿ ಬೇರೆ. ಡೀಸೆಲ್ ಎಂಜಿನ್ ನಿಮಿಷಕ್ಕೆ 2,300 ಸುತ್ತಿನಲ್ಲಿ ಸುಮಾರು 580 ನ್ಯೂಟನ್ ಮೀಟರ್ ಕೊಟ್ಟು, ಸದ್ದಿಲ್ಲದೆ ಏರು ಮುಗಿಸುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಆ ವೇಗದಲ್ಲಿ ಅಷ್ಟು ಬಲವಿಲ್ಲ. ಅದು ಗೇರು ಇಳಿಸಿ 3,000 ಸುತ್ತಿಗೆ ಏರುತ್ತದೆ. ಅಲ್ಲಿ 450 ನ್ಯೂಟನ್ ಮೀಟರ್ ಸಾಕು. ಕ್ಯಾರವಾನ್ ಏರು ಹತ್ತುವುದು ಅದೇ ವೇಗದಲ್ಲಿ. ಒಳಗೆ ಕೂತವರಿಗೆ ಸ್ವಲ್ಪ ಹೆಚ್ಚು ಗದ್ದಲ ಕೇಳಿಸುತ್ತದೆ, ಪೆಟ್ರೋಲ್ ಟ್ಯಾಂಕಿನ ಮುಳ್ಳು ಬೇಗ ಇಳಿಯುತ್ತದೆ.

ಟಾರ್ಕ್ ಬೇರೆ, ಸಾಮರ್ಥ್ಯ ಬೇರೆ ಎಂಬ ಪಾಠವನ್ನು ಉರು ಹೊಡೆಯುವ ಮಕ್ಕಳು ಇಷ್ಟನ್ನು ಗಮನಿಸಬೇಕು: ಟಾರ್ಕಿನ ಕೊರತೆಯನ್ನು ಗೇರು ತುಂಬಿಕೊಡುತ್ತದೆ, ಸಾಮರ್ಥ್ಯದ ಕೊರತೆಯನ್ನು ಯಾವ ಗೇರೂ ತುಂಬಿಕೊಡಲಾರದು.

ವರ್ಷದಲ್ಲಿ ಎಷ್ಟು ದಿನ?

ಎರಡೂ ಎಳೆಯುತ್ತವೆ ಎಂದಾದರೆ ಉಳಿಯುವುದು ಖರ್ಚಿನ ಮಾತು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದೆ, ಪೆಟ್ರೋಲಿನಲ್ಲಿ 32. ಇದಕ್ಕೆ ಎಂಜಿನ್ನಿನ ಮಿತವ್ಯಯವೂ ಸೇರಿ ಡೀಸೆಲ್ ಮುಂದೆ ಓಡುತ್ತದೆ. ಹೊರೆ ಹೆಚ್ಚಿದಷ್ಟೂ ಈ ಅಂತರ ಎದ್ದು ಕಾಣುತ್ತದೆ. ಲೆಕ್ಕದ ಸಲುವಾಗಿ ಡೀಸೆಲ್ ಗಾಡಿ ಖಾಲಿ ಇದ್ದಾಗ ಲೀಟರಿಗೆ 11 ಕಿ.ಮೀ., ಕ್ಯಾರವಾನ್ ಎಳೆಯುವಾಗ 7 ಕಿ.ಮೀ. ಕೊಡುತ್ತದೆ ಎನ್ನೋಣ. ಪೆಟ್ರೋಲ್ ಗಾಡಿಗೆ 9 ಮತ್ತು 5 ಇರಲಿ. ವರ್ಷಕ್ಕೆ 12,000 ಕಿ.ಮೀ. ಓಡಿಸುವ ಮನೆಯವರು ಅದರಲ್ಲಿ 2,000 ಮಾತ್ರ ಕ್ಯಾರವಾನಿನೊಂದಿಗೆ ಹೋದರೆ ಡೀಸೆಲ್ಲಿನಿಂದ ಉಳಿಯುವುದು ಸುಮಾರು 315 ಲೀಟರ್. 8,000 ಕಿ.ಮೀ. ಎಳೆದರೆ ಉಳಿತಾಯ ಸುಮಾರು 538 ಲೀಟರಿಗೇರುತ್ತದೆ. ಬ್ರಿಟನ್ನಿನಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ತುಟ್ಟಿ ಎಂಬುದನ್ನು ಮರೆಯಬಾರದು. ಕಡಿಮೆ ಎಳೆಯುವವರ ಉಳಿತಾಯದಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ.

ಇನ್ನೊಂದು ತಾಪತ್ರಯವನ್ನು ಮಾರಾಟಗಾರರು ಮೊದಲಿಗೆ ಹೇಳುವುದು ಕಡಿಮೆ. ಇಂದಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ತುಂಬಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಡಬೇಕು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೆ ಅದು ತಾನಾಗಿ ನಡೆಯುತ್ತದೆ. ಮಕ್ಕಳನ್ನು ಎರಡು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು, ತರಕಾರಿ ಕೊಂಡು ಮನೆಗೆ ಬರುವ ಗಾಡಿಯ ಕೊಳವೆ ಅಷ್ಟು ಕಾಯುವುದೇ ಇಲ್ಲ. ಮಸಿ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ, ಕೊನೆಗೆ ದುಬಾರಿ ರಿಪೇರಿ. ಫಿಲ್ಟರನ್ನೇ ಕಿತ್ತೊಗೆದರೆ? 2014ರ ಫೆಬ್ರವರಿಯಿಂದ ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಅಂಥ ಗಾಡಿ ನಪಾಸು. ಬೇಸಿಗೆಯಲ್ಲಿ ಎರಡು ವಾರ ಕ್ಯಾರವಾನ್, ಉಳಿದ ಐವತ್ತು ವಾರ ಶಾಲೆಯ ಓಡಾಟ ಎನ್ನುವ ಕುಟುಂಬಕ್ಕೆ ಪೆಟ್ರೋಲೇ ವಾಸಿ. ಬಹಳಷ್ಟು ಜನ ಎಳೆಯುವ ಆ ಎರಡು ವಾರವನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಕಾರು ಕೊಳ್ಳುತ್ತಾರೆ; ಡೈರಿ ತೆರೆದು ಇಡೀ ವರ್ಷದ ಓಡಾಟ ಎಣಿಸುವವರು ವಿರಳ.

ನಗರದ ಗಾಳಿಯ ಕಾನೂನೂ ಇದರಲ್ಲಿ ಕೈಹಾಕಿದೆ. ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯಲ್ಲಿ ಕಣ್ಣುಕಟ್ಟು ಮಾಡುವ ತಂತ್ರಾಂಶ ಬಳಸಿದ್ದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಲೋಕದಾದ್ಯಂತ ಸುಮಾರು 1.1 ಕೋಟಿ ಗಾಡಿಗಳು ಅದರಲ್ಲಿ ಸಿಕ್ಕಿಬಿದ್ದವು. ಕೆಲವೇ ವಾರಗಳಲ್ಲಿ ಆರೋಪ ಅದೇ ಬಳಗದ ದೊಡ್ಡ ಎಸ್‌ಯುವಿಗಳಿಗೂ ಹಬ್ಬಿತು. ಎ-380ನ್ನು ಎಳೆದ ಪೋರ್ಶೆ 2018ರಲ್ಲಿ ಡೀಸೆಲ್‌ಗೆ ವಿದಾಯ ಹೇಳಿತು. ಲಂಡನ್ನಿನಲ್ಲಿ 2019ರ ಏಪ್ರಿಲ್‌ನಿಂದ ಹೊಗೆ ಶುಲ್ಕ ಬಂತು, 2023ರ ಆಗಸ್ಟಿನಲ್ಲಿ ಇಡೀ ನಗರಕ್ಕೆ ವಿಸ್ತರಿಸಿತು. ಡೀಸೆಲ್ ಕಾರಿಗೆ ‘ಯೂರೋ-6’ ದರ್ಜೆ ಬೇಕು, ಪೆಟ್ರೋಲಿಗೆ ‘ಯೂರೋ-4’ ಸಾಕು. ಹೀಗಾಗಿ 2013ರ ಡೀಸೆಲ್ ಗಾಡಿಯೊಂದು ದಿನಕ್ಕೆ ಹನ್ನೆರಡೂವರೆ ಪೌಂಡ್ ತೆರಬೇಕಾಗಿ ಬರಬಹುದು. ಅದಕ್ಕಿಂತ ಹಳೆಯ 2007ರ ಪೆಟ್ರೋಲ್ ಗಾಡಿ ಪುಕ್ಕಟೆ ಹೋಗಬಹುದು! ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೋಡಬೇಕಾದದ್ದು ಇದನ್ನೇ.

ನಮ್ಮ ದೇಶಕ್ಕೂ ಈ ಬಿಸಿ ತಟ್ಟಿತ್ತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ವಲಯದಲ್ಲಿ 2,000 ಸಿಸಿ ಹಾಗೂ ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮುಂದಿನ ಆಗಸ್ಟಿನಲ್ಲಿ ಬೆಲೆಯ ಶೇ. 1ರಷ್ಟು ಪರಿಸರ ಶುಲ್ಕ ಕಟ್ಟಿಸಿಕೊಂಡು ತಡೆ ತೆರವು ಮಾಡಿತು. ಕ್ಯಾರವಾನ್ ಎಳೆಯುವುದು ಇಲ್ಲಿ ತೀರ ಅಪರೂಪ; ದೊಡ್ಡ ಎಸ್‌ಯುವಿ ಕೊಳ್ಳುವವರು ‘ಎಳೆಯುವ ಶಕ್ತಿ’ಗೆ ಕೊಡುವ ಹಣದ ಬಹುಪಾಲು ಬಳಕೆಗೇ ಬರುವುದಿಲ್ಲ.

ಇಳಿಯುವಾಗ

ಏರುವುದರ ಬಗ್ಗೆ ಇಷ್ಟು ಚರ್ಚಿಸುವವರು ಇಳಿಯುವುದನ್ನು ಮರೆಯುತ್ತಾರೆ. ಪ್ರಾಣಕ್ಕೆ ಅಪಾಯ ಇರುವುದು ಅಲ್ಲಿ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಇಂಧನದ ಗಾಡಿಯೇ ಆದರೂ ಮೊದಲೇ ಗೇರು ಇಳಿಸಿ ಎಂಜಿನ್ನಿನಿಂದಲೇ ವೇಗ ತಡೆಯಬೇಕು. ವೇಗ ಮೀರಿದರೆ ಕ್ಯಾರವಾನ್ ಹಾವಿನಂತೆ ಅತ್ತಿತ್ತ ತೊನೆದು, ಎಳೆಯುವ ಕಾರನ್ನೇ ರಸ್ತೆಯಿಂದಾಚೆ ದೂಡಬಲ್ಲದು. ಆಗ ಕೈಹಿಡಿಯುವುದು ಕಾರಿನ ತೂಕ. ಕಾನೂನು 3,500 ಕಿಲೋಗೆ ಒಪ್ಪಿದರೂ, ಹೊಸಬರು ಎಳೆಯುವ ಕ್ಯಾರವಾನ್ ಕಾರಿನ ತೂಕದ ಶೇ. 85ನ್ನು ಮೀರದಿರಲಿ ಎಂದು ಬ್ರಿಟನ್ನಿನ ಅನುಭವಿಗಳು ಬುದ್ಧಿ ಹೇಳುವುದು ಇದಕ್ಕೇ. 2,400 ಕಿಲೋ ಕಾರಿಗೆ ಅದು 2,040 ಕಿಲೋ ಆಯಿತು. ಹೆದ್ದಾರಿಯಲ್ಲಿ ಎಳೆಯುವ ಕಾರುಗಳಿಗೆ ಗಂಟೆಗೆ 60 ಮೈಲಿಯ ಮಿತಿಯೂ ಇದೆ.

ಇನ್ನು ಟೈರಿನ ಹಿಡಿತ. 2006ರಲ್ಲಿ ಇಂಗ್ಲೆಂಡಿನ ಡನ್ಸ್‌ಫೋಲ್ಡ್‌ನಲ್ಲಿ ಫೋಕ್ಸ್‌ವ್ಯಾಗನ್ ಟೂರೆಗ್ ಕಾರು 155 ಟನ್ನಿನ ಬೋಯಿಂಗ್ 747ನ್ನು ಎಳೆದಾಗ, ಚಕ್ರ ಜಾರದಂತೆ ಕಾರಿನೊಳಗೆ ನಾಲ್ಕು ಟನ್ನಿಗೂ ಹೆಚ್ಚು ಉಕ್ಕು ತುಂಬಿಸಿದ್ದರು. ಎಂಜಿನ್ನಿನಲ್ಲಿ ಎಷ್ಟು ಟಾರ್ಕ್ ಇದ್ದರೂ ನೆಲ ಹಿಡಿಯದ ಚಕ್ರ ಎಳೆಯಲಾರದು. ಅದೂ ಸಮತಟ್ಟಾದ ನೆಲದಲ್ಲಿ. ಉತ್ತರ ಯಾರ್ಕ್‌ಶೈರಿನ ಸಟನ್ ಬ್ಯಾಂಕ್ ಎಂಬ ಗುಡ್ಡದ ರಸ್ತೆ ನಾಲ್ಕು ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಪೆಟ್ರೋಲೋ, ಡೀಸೆಲೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆ ರಸ್ತೆಯಲ್ಲಿ ಕ್ಯಾರವಾನ್‌ಗಳಿಗೆ ಪ್ರವೇಶವೇ ಇಲ್ಲ.