ತೊಗರಿ ಮಾರಿ ಬೇಳೆ ಕೊಳ್ಳುವ ಮುನ್ನ



ಸಂಕ್ರಾಂತಿಯ ಹೊತ್ತಿಗೆ ಕಣದಲ್ಲಿ ತೊಗರಿಯ ರಾಶಿ ಬೀಳುತ್ತದೆ. ಒಕ್ಕಿ, ತೂರಿ, ಚೀಲಕ್ಕೆ ತುಂಬಿ ಅದನ್ನು ಮಂಡಿಗೆ ಕಳಿಸುತ್ತೇವೆ. ಶ್ರಾವಣ ಬರುವಷ್ಟರಲ್ಲಿ ಅದೇ ಮನೆಯವರು ಕಿರಾಣಿ ಅಂಗಡಿಯ ಮುಂದೆ ನಿಂತು ಒಂದೊಂದೇ ಕೆಜಿ ಬೇಳೆ ಕಟ್ಟಿಸಿಕೊಳ್ಳುತ್ತಾರೆ. ಎಷ್ಟೋ ಸಲ ಅದೂ ಉದ್ರಿ. ರಾಗಿ, ಜೋಳಗಳನ್ನು ಮನೆಗೆಂದು ಎತ್ತಿಡುವ ನಾವು ಬೇಳೆಯನ್ನು ಮಾತ್ರ ಅಂಗಡಿಗೆ ಬಿಟ್ಟುಕೊಟ್ಟಿದ್ದೇವೆ. ಮನೆಯ ಊಟದ ಖರ್ಚಿನಲ್ಲಿ ಅತಿ ಸುಲಭವಾಗಿ ಉಳಿತಾಯ ಮಾಡಬಹುದಾದ ಬಾಬು ಇದೇ.

ಮೊದಲು ಲೆಕ್ಕ

ಐದು ಜನರಿರುವ ಮನೆಗೆ ದಿನಕ್ಕೆ ಕಾಲು ಕೆಜಿ ಬೇಳೆ ಬೇಕೆಂದು ಹಿಡಿಯಿರಿ. ವರ್ಷಕ್ಕೆ ಸುಮಾರು 91 ಕೆಜಿ ಆಯಿತು. ಊರಿನಲ್ಲೇ ಬೇಳೆ ಒಡೆಸಿದರೆ ಒಂದು ಕ್ವಿಂಟಲ್ ತೊಗರಿಗೆ 65 ಕೆಜಿಯಷ್ಟು ಬೇಳೆ ಸಿಗುತ್ತದೆಂದು ಇಟ್ಟುಕೊಳ್ಳಬಹುದು. ಉಳಿದದ್ದು ಹೊಟ್ಟು ಮತ್ತು ನುಚ್ಚು. ಹಾಗಾದರೆ ವರ್ಷದ ಬೇಳೆಗೆ 140 ಕೆಜಿ ತೊಗರಿ ಎತ್ತಿಡಬೇಕು.

ಈಗ ಒಂದು ಉದಾಹರಣೆ. ತೊಗರಿ ಕ್ವಿಂಟಲಿಗೆ 6,500 ರೂಪಾಯಿಯಂತೆ ಮಾರಿದಿರಿ ಎನ್ನೋಣ. 140 ಕೆಜಿಗೆ 9,100 ರೂಪಾಯಿ. ಚೀಲ, ಗಾಡಿ ಬಾಡಿಗೆ, ಹಮಾಲಿ ಎಂದು 300 ಕಳೆದರೆ ಕೈಗೆ ಬರುವುದು 8,800. ಅದೇ ತೊಗರಿಯನ್ನು ಇಟ್ಟುಕೊಂಡು ಕೆಜಿಗೆ 5 ರೂಪಾಯಿಯಂತೆ 700 ರೂಪಾಯಿ ಕೂಲಿ ಕೊಟ್ಟು ಬೇಳೆ ಮಾಡಿಸಿದರೆ ಒಟ್ಟು 9,500 ರೂಪಾಯಿ ಬಿದ್ದಂತಾಯಿತು. ಅಂದರೆ ಬೇಳೆ ಕೆಜಿಗೆ 104 ರೂಪಾಯಿ. ಅಂಗಡಿಯಲ್ಲಿ ಅದು 120 ರೂಪಾಯಿ ಇದ್ದರೆ 91 ಕೆಜಿಗೆ 10,920 ತೆರಬೇಕು. ಉಳಿತಾಯ 1,420 ರೂಪಾಯಿ. ಹೊಟ್ಟು, ನುಚ್ಚು ಹಾಲು ಕರೆಯುವ ಹಸುವಿಗೆ ಆಯಿತು. ಅದು ಈ ಲೆಕ್ಕದಲ್ಲಿ ಸೇರಿಲ್ಲ.

ಇಲ್ಲಿ ಕೊಟ್ಟ ದರಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಮಂಡಿಯ ದರ, ನಿಮ್ಮ ಅಂಗಡಿಯ ದರ ಹಾಕಿ ನೀವೇ ಲೆಕ್ಕ ಮಾಡಿರಿ. ಕ್ವಿಂಟಲ್ ತೊಗರಿಯಿಂದ ನಿಜವಾಗಿ ಕೈಗೆ ಸೇರುವ ಹಣಕ್ಕೆ ಒಡೆಸುವ ಕೂಲಿ ಕೂಡಿಸಿ 65ರಿಂದ ಭಾಗಿಸಿದರೆ ಮನೆ ಬೇಳೆಯ ಬೆಲೆ ತಿಳಿಯುತ್ತದೆ. ಅಂಗಡಿ ಬೇಳೆ ಅದಕ್ಕಿಂತ ಅಗ್ಗವಾಗಿದ್ದರೆ ತೊಗರಿ ಮಾರುವುದೇ ಲೇಸು. ಸರ್ಕಾರ 2025-26ನೇ ಸಾಲಿಗೆ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಷ್ಟು ಬೆಲೆ ಕೈಗೆ ಸಿಕ್ಕವರ ಲೆಕ್ಕ ಬೇರೆಯೇ ಆಗುತ್ತದೆ.

ಸುಗ್ಗಿಯಲ್ಲಿ ಸಾಲ ತೀರಿಸಬೇಕಾದವರಿಗೆ ಪೂರ್ತಿ ಎತ್ತಿಡುವುದು ಕಷ್ಟ. ಅಂಥವರು ಅರ್ಧವನ್ನಾದರೂ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದಾಗ ಉದ್ರಿ ಬೇಳೆ ತರುವುದು ತಪ್ಪಿದರೆ ಅದೇ ದೊಡ್ಡ ಲಾಭ.

ಲಾಭವನ್ನು ತಿನ್ನುವ ಹುಳು

ಕಾಳು ಇಡಲು ಜನ ಹಿಂಜರಿಯುವುದಕ್ಕೆ ಕಾರಣ ಹುಳು. ಈ ಶತ್ರುವಿನ ಸ್ವಭಾವ ತಿಳಿದರೆ ಅದನ್ನು ತಡೆಯುವುದು ಕಷ್ಟವಲ್ಲ. ಕಾಳು ಕೊರೆಯುವ ದುಂಬಿ ಎಷ್ಟೋ ಸಲ ಹೊಲದಲ್ಲೇ ಒಣಗಿದ ಕಾಯಿಯ ಮೇಲೆ ಮೊಟ್ಟೆ ಇಟ್ಟು, ಕಾಳಿನೊಡನೆ ಮನೆಗೆ ಬರುತ್ತದೆ. ಕಾಳಿನ ಮೇಲೆ ಅಂಟಿಕೊಂಡ ಬಿಳಿ ಚುಕ್ಕೆಗಳೇ ಅದರ ಮೊಟ್ಟೆ. ಮರಿ ಕಾಳಿನೊಳಗೆ ಕೊರೆದು ಹೋಗಿ ತಿನ್ನುತ್ತದೆ. ದುಂಬಿಯಾದ ಮೇಲೆ ದುಂಡನೆಯ ತೂತು ಮಾಡಿ ಹೊರಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಇದಕ್ಕೆ ಒಂದು ತಿಂಗಳು ಸಾಕು. ಒಂದೊಂದು ಹೆಣ್ಣು ದುಂಬಿ ಹತ್ತಿರ ಹತ್ತಿರ ನೂರು ಮೊಟ್ಟೆ ಇಡುವುದರಿಂದ ಮೂರು ನಾಲ್ಕು ತಿಂಗಳಲ್ಲಿ ಚೀಲವೇ ಹಿಟ್ಟಾಗುತ್ತದೆ.

ಆದ್ದರಿಂದ ಹೀಗೆ ಮಾಡಿರಿ:

1. ಕಾಳನ್ನು ಜರಡಿ ಹಿಡಿದು ಮಣ್ಣು, ಮುರುಕು, ತೂತು ಕಾಳು ತೆಗೆಯಿರಿ. ಒಳ್ಳೆಯ ಬಿಸಿಲಿನಲ್ಲಿ ತೆಳುವಾಗಿ ಹರಡಿ ಎರಡು ಮೂರು ದಿನ ಒಣಗಿಸಿರಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು.

2. ಬಿಸಿ ಕಾಳನ್ನು ತುಂಬಬೇಡಿ. ನೆರಳಿನಲ್ಲಿ ಆರಲು ಬಿಟ್ಟು, ಮುಚ್ಚಳ ಬಿಗಿಯಾಗಿ ಕೂರುವ ಪೀಪಾಯಿ ಅಥವಾ ಡಬ್ಬದಲ್ಲಿ ತುಂಬಿರಿ. ಹಳೆಯ ಗೋಣಿಚೀಲದ ಎಳೆಗಳಲ್ಲಿ ಹಿಂದಿನ ವರ್ಷದ ದುಂಬಿ ಅಡಗಿರುತ್ತದೆ. ಅದನ್ನೇ ಬಳಸುವುದಾದರೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಿರಿ.

3. ಒಂದು ಕೆಜಿ ಕಾಳಿಗೆ 5 ಮಿ.ಲೀ., ಅಂದರೆ ಒಂದು ಚಹಾ ಚಮಚದಷ್ಟು ಅಡುಗೆ ಎಣ್ಣೆ ಹಾಕಿ ಎಲ್ಲ ಕಾಳಿಗೂ ಹತ್ತುವಂತೆ ಕೈಯಿಂದ ಉಜ್ಜಿರಿ. ಎಣ್ಣೆ ಹತ್ತಿದ ಕಾಳಿನ ಮೇಲೆ ಮೊಟ್ಟೆ ಉಳಿಯುವುದಿಲ್ಲ. ಬಿತ್ತನೆಗೆ ಇಡುವ ಕಾಳಿಗೆ ಬೇವಿನೆಣ್ಣೆ ಆಗುತ್ತದೆ.

4. ಎಣ್ಣೆ ಬೇಡವೆನ್ನುವವರು ಕಾಳಿನ ಮೇಲೆ ಎರಡು ಬೆರಳಗಲ, ಸುಮಾರು 3 ಸೆಂ.ಮೀ. ದಪ್ಪಕ್ಕೆ ಜರಡಿ ಹಿಡಿದ ಒಣ ಮರಳು ಹರಡಬಹುದು. ಹೊರಗಿನಿಂದ ಬಂದ ದುಂಬಿ ಮರಳನ್ನು ದಾಟಿ ಕಾಳಿಗೆ ಇಳಿಯಲಾರದು.

ಒಣ ಬೇವಿನ ಸೊಪ್ಪು ಹಾಕುವ ರೂಢಿ ಒಳ್ಳೆಯದೇ. ಆದರೆ ಸರಿಯಾಗಿ ಒಣಗಿಸದ ಕಾಳನ್ನು ಬೇವೊಂದೇ ಕಾಪಾಡದು.

ಮಾತ್ರೆ ಬೇಡ

ಒಂದು ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಉಗ್ರಾಣಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಎಷ್ಟೇ ಸುಲಭವಾಗಿ ಸಿಕ್ಕಿದರೂ ವಾಸದ ಮನೆಯೊಳಗೆ ಇಡಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಮಲಗಿದವರು ಮಲಗಿದಲ್ಲೇ ಸತ್ತ ಪ್ರಸಂಗಗಳಿವೆ. ಈ ವಿಷಕ್ಕೆ ಮದ್ದಿಲ್ಲ. ಒಂದು ಕಾಲದಲ್ಲಿ ಮನೆಗಳಿಗೆ ಶಿಫಾರಸು ಮಾಡುತ್ತಿದ್ದ ಇ.ಡಿ.ಬಿ. ಆಂಪ್ಯೂಲನ್ನೂ 2001ರಲ್ಲಿ ನಿಷೇಧಿಸಲಾಗಿದೆ. ಚೀಲ ಕಾಳು ಹೋದರೆ ಮತ್ತೆ ಬೆಳೆಯಬಹುದು, ಜೀವ ಹೋದರೆ ಬರುವುದಿಲ್ಲ.

ಬೇಳೆ ಮಾಡಿಟ್ಟರೆ ಇನ್ನೂ ಕ್ಷೇಮ

ಈ ದುಂಬಿ ಮೊಟ್ಟೆ ಇಡಲು ಇಡೀ ಕಾಳನ್ನೇ ಹುಡುಕುತ್ತದೆ. ಒಡೆದ ಬೇಳೆಗೆ ಅದರ ಕಾಟ ಬಹಳ ಕಡಿಮೆ. ಆದ್ದರಿಂದ ಬೇಸಿಗೆ ಬಿಸಿಲು ಇರುವಾಗಲೇ ವರ್ಷದ ಬೇಳೆ ಮಾಡಿಕೊಳ್ಳುವುದು ಉತ್ತಮ.

ಕೆಮ್ಮಣ್ಣು ಕಟ್ಟುವ ಹಳೆಯ ಪದ್ಧತಿ ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ತಿಳಿದೇ ಇರುತ್ತದೆ. ತೊಗರಿಯನ್ನು ರಾತ್ರಿ ನೆನೆಹಾಕಿ, ನೀರು ಬಸಿದು, ಕೆಮ್ಮಣ್ಣಿನ ರಾಡಿ ಕಲಸಿ, ಒಂದು ರಾತ್ರಿ ಗುಡ್ಡೆ ಹಾಕುತ್ತಾರೆ. ಮೂರು ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಮಣ್ಣು ಜರಡಿ ಹಿಡಿದು, ಬೀಸುಕಲ್ಲಿನಲ್ಲಿ ಒಡೆದು ಮೊರದಲ್ಲಿ ಕೇರುತ್ತಾರೆ. ಸಿಪ್ಪೆ ಚೆನ್ನಾಗಿ ಬಿಡುತ್ತದೆ, ಆದರೆ ನೆನೆಸಿ ಮಾಡಿದ ಬೇಳೆ ಬೇಯಲು ಹೊತ್ತು ಹೆಚ್ಚು ಬೇಕು. ನೀರು ಹಾಕದೆ, ಎಣ್ಣೆ ಸವರಿ ಬಿಸಿಲಿಗೆ ಒಣಗಿಸಿ ಒಡೆದ ಬೇಳೆ ಬೇಗ ಬೇಯುತ್ತದೆ, ಸೌದೆಯೂ ಉಳಿಯುತ್ತದೆ.

ಬೀಸುಕಲ್ಲಿನ ಮುಂದೆ ಕೂರಲು ಈಗ ಯಾರಿಗೆ ಪುರುಸೊತ್ತು ಎಂದು ನೀವು ಕೇಳಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಕೈಯಿಂದ ನಡೆಸುವ ಬೇಳೆ ಯಂತ್ರವನ್ನೂ ವಿದ್ಯುತ್ತಿನಿಂದ ನಡೆಯುವ ಸಣ್ಣ ಬೇಳೆ ಗಿರಣಿಯನ್ನೂ ರೂಪಿಸಿದೆ. ಒಂದು ಮನೆಗೆ ಇದು ಭಾರವಾದರೂ ಒಂದು ಸ್ವಸಹಾಯ ಸಂಘಕ್ಕೆ ಭಾರವಲ್ಲ. ಒಡೆಸುವ ಕೂಲಿ ಊರಿನಲ್ಲೇ ಉಳಿಯುತ್ತದೆ. ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಅಕ್ಕಡಿ ಸಾಲು ಮರೆಯಬೇಡಿ

ತೊಗರಿ ಬೆಳೆಯದವರು ರಾಗಿ ಹೊಲದಲ್ಲೇ ಮನೆಯ ಬೇಳೆ ಬೆಳೆದುಕೊಳ್ಳಬಹುದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ ರಾಗಿ ಕೊಯ್ದ ಮೇಲೆ ತೊಗರಿ ಹರಡಿಕೊಂಡು ಬೆಳೆಯುತ್ತದೆ. ಬೇರಿನ ಗಂಟುಗಳಿಂದ ಭೂಮಿಗೂ ಸಾರಜನಕ ಸಿಗುತ್ತದೆ. ಅವರೆ, ಅಲಸಂದೆ, ಹುರುಳಿಗಳನ್ನು ಇಡಿಯಾಗಿಯೇ ಬೇಯಿಸುವುದರಿಂದ ಒಡೆಸುವ ಕೂಲಿಯಿಲ್ಲ, ಹೊಟ್ಟಿನ ನಷ್ಟವೂ ಇಲ್ಲ. ವಾರದಲ್ಲಿ ಮೂರು ದಿನ ಕಾಳಿನ ಸಾರು, ಮೊಳಕೆ ಹುರುಳಿಯ ಬಸ್ಸಾರು ಮಾಡಿದರೆ ತೊಗರಿಯ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಈ ಸಲ ಕಣದಲ್ಲಿ ರಾಶಿ ಅಳೆಯುವಾಗ ಮಂಡಿಯ ಚೀಲಕ್ಕೆ ಮೊದಲು ಮನೆಯ ಪೀಪಾಯಿ ತುಂಬಿರಿ. ಎಷ್ಟು ತುಂಬಬೇಕೆಂದು ಒಲೆಯ ಮುಂದೆ ನಿಲ್ಲುವವರನ್ನೇ ಕೇಳಿರಿ. ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.